ತೆಗೆದಿಟ್ಟ ಮೂಳೆ

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಠಾಣೆಗೆ ಬಂದ ದೂರನ್ನು ಬರೆದುಕೊಳ್ಳಲು ಕೂತ ಮಹಜರಪ್ಪನ ಪೆನ್ನು ಎರಡನೇ ಸಾಲಿಗೇ ನಿಂತುಹೋಯಿತು. ಆ ಹೆಡ್ ಕಾನ್‌ಸ್ಟೆಬಲ್‌ಗೆ ಈ ಅಡ್ಡಹೆಸರು ಬಂದದ್ದೇ ಬರವಣಿಗೆಯಿಂದ. ಪಂಚನಾಮೆಗೆ ಕೂತರೆ ಗೋಡೆಯ ಮೇಲಿನ ಹಲ್ಲಿಯನ್ನೂ ಬಿಡುವವನಲ್ಲ ಎಂದು ಠಾಣೆಯವರು ಆಡಿಕೊಳ್ಳುತ್ತಿದ್ದರು. ಅಂಥವನು ಈಗ ಇನ್‌ಸ್ಪೆಕ್ಟರ್ ಕೋಣೆಯ ಬಾಗಿಲಲ್ಲಿ ಬಂದು ತಲೆ ಕೆರೆದುಕೊಂಡ.

"ಮೇಡಂ, ಕಳುವಾದ ಮಾಲು ಏನು ಅಂತ ಬರೀಲಿ?"

"ಏನು ಕಳುವಾಗಿದೆಯೋ ಅದನ್ನೇ ಬರಿ."

"ತಲೆ ಮೂಳೆ ಅಂತಿದ್ದಾರೆ."

ಇನ್‌ಸ್ಪೆಕ್ಟರ್ ಕುಡಿಯುತ್ತಿದ್ದ ಚಹಾ ಬಿಟ್ಟು ಎದ್ದು ಬಂದಳು. ಹೊರಗಿನ ಬೆಂಚಿನ ತುದಿಯಲ್ಲಿ ದೊಡ್ಡಾಸ್ಪತ್ರೆಯ ಥಿಯೇಟರ್ ಸಿಸ್ಟರ್ ಕೂತಿದ್ದಳು. ಎಷ್ಟೋ ಆಪರೇಷನ್ ಕಂಡ ಗಟ್ಟಿ ಹೆಂಗಸು.

ಅವಳು ಹೇಳಿದ್ದಿಷ್ಟು. ಎರಡು ತಿಂಗಳ ಹಿಂದೆ ಒಬ್ಬ ಬಡಗಿ ಅಂಗಡಿಯೊಂದರಲ್ಲಿ ಅಟ್ಟ ಕೂರಿಸುವಾಗ, ಹತ್ತು ಜನರ ಕಣ್ಣೆದುರಿಗೇ ಏಣಿಯಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡಿದ್ದ. ಮೆದುಳು ಊದಿಕೊಂಡರೆ ಅದಕ್ಕೆ ಜಾಗ ಬೇಕು, ಸಿಗದಿದ್ದರೆ ಮನುಷ್ಯ ಉಳಿಯುವುದಿಲ್ಲ. ಹಾಗಾಗಿ ತಲೆಬುರುಡೆಯ ಎಡಗಡೆಯಿಂದ ಅಂಗೈ ಅಗಲದ ಮೂಳೆಯನ್ನು ಕೊಯ್ದು ತೆಗೆದು, ಮೂರು ಚೀಲಗಳಲ್ಲಿ ಒಂದರೊಳಗೊಂದು ಸೀಲ್ ಮಾಡಿ ಥಿಯೇಟರ್ ಪಕ್ಕದ ಕೋಣೆಯ ಫ್ರೀಜರಿನಲ್ಲಿಟ್ಟಿದ್ದರು. ಊತ ಇಳಿದ ಮೇಲೆ ಅದೇ ಮೂಳೆಯನ್ನು ವಾಪಸ್ ಕೂರಿಸುತ್ತಾರೆ. ಆ ಆಪರೇಷನ್ ಬುಧವಾರಕ್ಕೆ ನಿಗದಿಯಾಗಿತ್ತು. ಇವತ್ತು ಪರೀಕ್ಷೆಗೆಂದು ಸಿಸ್ಟರ್ ಹೊರಚೀಲ ಬಿಚ್ಚಿದಾಗ ಒಳಗೆ ಇದ್ದದ್ದು ಬೇರೆ ಚೀಲ, ಬೇರೆ ಮೂಳೆ.

"ಬೇರೆ ಅಂದ್ರೆ, ಬೇರೆ ರೋಗಿದಾ?"

"ಮನುಷ್ಯರದ್ದೇ ಅಲ್ಲ ಮೇಡಂ."

ಎಫ್‌ಐಆರ್ ದಾಖಲಾಯಿತು. ಕಳುವಾದ ಮಾಲಿನ ಅಂದಾಜು ಬೆಲೆ ಎಂಬ ಜಾಗದಲ್ಲಿ ಮಹಜರಪ್ಪ ಅಡ್ಡಗೆರೆ ಎಳೆದ. ಅವನ ಸರ್ವೀಸಿನಲ್ಲಿ ಅದೇ ಮೊದಲು.

ಹನ್ನೊಂದೂವರೆಗೆ ಆಸ್ಪತ್ರೆಯಲ್ಲಿ ಪಂಚನಾಮೆ ಶುರುವಾಯಿತು. ಕಿರಿದಾದ ಕೋಣೆ, ಎದೆಮಟ್ಟದ ಫ್ರೀಜರ್, ಗೋಡೆಯ ಮೊಳೆಗೆ ನೇತುಹಾಕಿದ ಅದರ ಕೀ. ಕೀಯನ್ನು ಬೀಗದ ಪಕ್ಕದಲ್ಲೇ ನೇತುಹಾಕುವ ಜಾಣರಿಗೆ ಏನು ಹೇಳಬೇಕೋ ಅದನ್ನು ಇನ್‌ಸ್ಪೆಕ್ಟರ್ ಮನಸ್ಸಿನಲ್ಲೇ ಹೇಳಿಕೊಂಡಳು. ಈ ಜಾಗ ಹೊರಗಿನವರಿಗೆ ಗೊತ್ತೇ ಎಂದು ಕೇಳಿದರೆ, ಮೂಳೆ ಇಡುವಾಗ ಮನೆಯವರನ್ನು ಒಮ್ಮೆ ಕರೆತಂದು ಚೀಲದ ಮೇಲಿನ ಹೆಸರು ತೋರಿಸುವ ರೂಢಿ ಇದೆ ಎಂದರು. ಅಂದರೆ ಗೊತ್ತಿದ್ದವರು ಹತ್ತಾರು ಜನ.

ಸರ್ಜನ್ ಸಿಕ್ಕಿದ್ದು ಮೆಟ್ಟಿಲ ಮೇಲೆ. ಅವನಿಗೆ ನಿಂತು ಮಾತಾಡುವ ಅಭ್ಯಾಸವಿರಲಿಲ್ಲ.

"ಬುಧವಾರ ಆಪರೇಷನ್ ಆಗದಿದ್ರೆ?"

"ಅವನ ತಲೆ ಎಡಗಡೆ ಒಳಗೆ ಕುಸೀತಾ ಇದೆ. ಹೋದ ವಾರದಿಂದ ಫಿಟ್ಸ್ ಶುರುವಾಗಿದೆ. ಮಾತು ಬರೋದು ಆಮೇಲಿನ ಮಾತು, ಮೊದಲು ಜೀವ ಉಳೀಬೇಕು."

"ಬೇರೆ ಏನಾದ್ರೂ ಕೂರಿಸೋಕಾಗಲ್ವಾ?"

"ಪ್ಲೇಟ್ ಮಾಡಿಸಬಹುದು. ಮೂರು ವಾರ ಬೇಕು. ಅಷ್ಟು ದಿನ ಅವನ ಹತ್ರ ಇಲ್ಲ." ಎರಡು ಮೆಟ್ಟಿಲು ಇಳಿದವನು ತಿರುಗಿ ನಿಂತ. "ಸಿಕ್ಕಿದ್ರೂ ಹೆಪ್ಪುಗಟ್ಟಿರೋ ಸ್ಥಿತೀಲೇ ಸಿಗಬೇಕು. ಕರಗಿದ್ರೆ ತಂದೂ ಪ್ರಯೋಜನ ಇಲ್ಲ."

ಇನ್‌ಸ್ಪೆಕ್ಟರ್‌ಗೆ ಹೊಸ ಚಿಂತೆ ಹತ್ತಿತು. ಒಡವೆ ಕದ್ದವನು ಅದನ್ನು ಜೋಪಾನವಾಗಿಡುತ್ತಾನೆ. ಮೂಳೆ ಕದ್ದವನು ಅದನ್ನು ಎಲ್ಲಿಟ್ಟಿರುತ್ತಾನೆ?

ಬಡಗಿ ವಾರ್ಡಿನ ಕಿಟಕಿ ಪಕ್ಕದ ಮಂಚದಲ್ಲಿ ಕೂತಿದ್ದ. ದಷ್ಟಪುಷ್ಟ ಆಳು, ಸುತ್ತಿಗೆ ಹಿಡಿದು ಗಂಟುಗಟ್ಟಿದ ಕೈ. ಆದರೆ ಬೋಳಿಸಿದ ತಲೆಯ ಎಡಭಾಗ ಗುಳಿಬಿದ್ದಿತ್ತು, ಅಲ್ಲಿ ಚರ್ಮದಡಿಯಲ್ಲಿ ನಾಡಿ ಮಿಡಿಯುವುದು ಕಾಣುತ್ತಿತ್ತು. ಮಹಜರಪ್ಪ ಮುಖ ತಿರುಗಿಸಿಕೊಂಡ. ಬಡಗಿ ಹೆಂಡತಿಯ ತೋರುಬೆರಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಪೊಲೀಸರನ್ನು ನೋಡಿ ಸುಮ್ಮನೆ ನಕ್ಕ. ಮಾತು ಪೂರಾ ಹೋಗಿತ್ತು.

ಪಕ್ಕದ ಸ್ಟೂಲಿನಲ್ಲಿದ್ದ ಅವನ ತಾಯಿ ತಾನಾಗಿಯೇ ಬಾಯಿಬಿಟ್ಟಳು. ಸೊಸೆ ಇಲ್ಲದಿದ್ದರೆ ಮಗ ಇಷ್ಟು ದಿನ ಇರುತ್ತಿರಲಿಲ್ಲ, ಎರಡು ತಿಂಗಳಿಂದ ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿಕೊಂಡಿದ್ದಾಳೆ ಎಂದು ಹೊಗಳಿದಳು. "ಈಗ ಮಗು ಥರ ಆಗಿದ್ದಾನೆ ನೋಡಿ. ಮೊದಲಾಗಿದ್ರೆ..." ಎಂದು ಶುರುಮಾಡಿ, ಸೊಸೆ ತಲೆಯೆತ್ತಿದ ಕೂಡಲೇ ಬಾಯಿ ಮುಚ್ಚಿಕೊಂಡಳು.

ಸೊಸೆ ಸಣ್ಣ ಕಟ್ಟಿನ ಹೆಂಗಸು. ಅಳಲಿಲ್ಲ, ಯಾರನ್ನೂ ಬೈಯಲಿಲ್ಲ. ಮೂಳೆ ಕಳುವಾಗಿದೆ ಎಂದು ಇನ್‌ಸ್ಪೆಕ್ಟರ್ ವಿವರಿಸಿದ್ದನ್ನು ಪೂರ್ತಿ ಕೇಳಿ ಒಂದೇ ಪ್ರಶ್ನೆ ಕೇಳಿದಳು.

"ಹಾಗಾದ್ರೆ ಬುಧವಾರದ ಆಪರೇಷನ್ ಆಗಲ್ವಾ ಮೇಡಂ?"

ಗಂಡನ ಚಿಂತೆಯಲ್ಲಿ ಕೇಳುತ್ತಿದ್ದಾಳೆ ಎಂದುಕೊಂಡು ಇನ್‌ಸ್ಪೆಕ್ಟರ್ ಸಮಾಧಾನ ಹೇಳಿದಳು. ನಿಮ್ಮವರಿಗೆ ಆಗದವರು ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಿದಳು. ಸೊಸೆ ಇಲ್ಲವೆಂದಳು.

"ನೀವೇನು ಕೆಲಸ ಮಾಡ್ತೀರಿ?"

"ಆಸ್ಪತ್ರೇಲಿ ಆಯಾ."

"ಇಲ್ಲೇನಾ?"

"ಇಲ್ಲ ಮೇಡಂ, ಬೇರೆ..."

ಅಷ್ಟರಲ್ಲಿ ಬಡಗಿಯ ಕೈ ಸೆಟೆದುಕೊಂಡಿತು. ಕಣ್ಣು ಮೇಲಾಯಿತು, ಮಂಚ ಗಡಗಡ ಅಲುಗಿತು. ಹೆಂಡತಿ ಚಂಗನೆ ಎದ್ದು ಅವನನ್ನು ಬಲಮಗ್ಗುಲಿಗೆ ಹೊರಳಿಸಿ, ಮೂಳೆಯಿಲ್ಲದ ಕಡೆ ಏನೂ ತಾಗದಂತೆ ಎರಡೂ ಅಂಗೈಯನ್ನು ಗೋಡೆಯ ಹಾಗೆ ಅಡ್ಡ ಹಿಡಿದಳು. ನರ್ಸುಗಳು ಓಡಿಬಂದರು. ಪ್ರಶ್ನೆ ಅರ್ಧಕ್ಕೇ ನಿಂತಿತು. ಮುಂದೆ ಎಷ್ಟೋ ಸಲ ಇನ್‌ಸ್ಪೆಕ್ಟರ್ ಅದನ್ನು ನೆನೆದು ತನ್ನನ್ನು ತಾನೇ ಬೈದುಕೊಂಡಳು.

ಮಧ್ಯಾಹ್ನವೆಲ್ಲ ಕ್ಯಾಮೆರಾ ದೃಶ್ಯ ನೋಡುವುದರಲ್ಲಿ ಕಳೆಯಿತು. ಎಂಟು ದಿನ ಹಿಂದಿನ ದೃಶ್ಯದಲ್ಲಿ ಮಹಜರಪ್ಪ ಬೆರಳಿಟ್ಟ. ಹಸಿರು ಅಂಗಿ, ಹಸಿರು ಟೋಪಿ, ಮಾಸ್ಕ್. ಒಂದು ಕೈಯಲ್ಲಿ ಬಕೆಟ್, ಇನ್ನೊಂದರಲ್ಲಿ ನೆಲ ಒರೆಸುವ ಕೋಲು. ಹೆಂಗಸು ನೇರ ಫ್ರೀಜರ್ ಕೋಣೆಗೆ ಹೋದಳು. ಒಳಗೆ ಕಾಲಿಟ್ಟವಳೇ, ತಿರುಗಿಯೂ ನೋಡದೆ, ಹಿಮ್ಮಡಿಯಿಂದ ಬಾಗಿಲನ್ನು ಹಿಂದಕ್ಕೆ ತಳ್ಳಿ ಮುಚ್ಚಿದಳು. ನಾಲ್ಕೈದು ನಿಮಿಷದ ಮೇಲೆ ಹೊರಬಂದಾಗಲೂ ಹಾಗೆಯೇ ಹಿಮ್ಮಡಿಯಿಂದಲೇ ಎಳೆದು ಮುಚ್ಚಿದಳು.

"ನಮ್ಮವರಲ್ಲ," ಅಂದಳು ಸಿಸ್ಟರ್ ಕೂಡಲೇ. "ಆ ಬಾಗಿಲು ಕಿರ್ ಅನ್ನುತ್ತೆ ಅಂತ ಯಾರೂ ಮುಚ್ಚೋದೇ ಇಲ್ಲ. ನಾನು ಎಷ್ಟು ಬೈದರೂ ಇಲ್ಲ."

ಆದರೂ ಕ್ಲೀನಿಂಗಿನ ಎಲ್ಲ ಹೆಂಗಸರನ್ನು ಬಕೆಟ್ ಹಿಡಿಸಿ ಆ ಬಾಗಿಲಿನಿಂದ ಒಬ್ಬೊಬ್ಬರನ್ನಾಗಿ ನಡೆಸಲಾಯಿತು. ಒಬ್ಬಳಾದರೂ ಬಾಗಿಲು ಮುಚ್ಚಲಿಲ್ಲ. ಇದೆಂಥ ಮೆರವಣಿಗೆ ಎಂದು ಅವರು ಮುಸಿಮುಸಿ ನಕ್ಕರು. ಇನ್‌ಸ್ಪೆಕ್ಟರ್‌ಗೆ ನಗು ಬರಲಿಲ್ಲ. ಗಡಿಯಾರ ನೋಡಿದಾಗಲೆಲ್ಲ ಆ ಗುಳಿಬಿದ್ದ ತಲೆ ಕಣ್ಣಮುಂದೆ ಬರುತ್ತಿತ್ತು.

ಸಂಜೆ ಐದಕ್ಕೆ ಬಡಗಿಯ ಮನೆಗೆ ಹೋದರು. ಆಗದವರ ಸುಳಿವು ಅಲ್ಲಾದರೂ ಸಿಕ್ಕೀತೆಂಬ ಆಸೆ. ತಾಯಿ ಬಂದು ಬೀಗ ತೆಗೆದಳು. ಮುಂದೆ ನಡುಮನೆ, ಹಿಂದೆ ಒಂದು ಕೋಣೆ, ಮೂಲೆಯಲ್ಲಿ ಮರದ ಹತಾರದ ಪೆಟ್ಟಿಗೆ. ಅಕ್ಕಪಕ್ಕದವರು ಬಡಗಿಯ ಕೆಲಸ ಹೊಗಳಿದರು, ಮಿಕ್ಕದ್ದಕ್ಕೆ ನಮಗೇನು ಗೊತ್ತು ಎಂದು ಜಾರಿಕೊಂಡರು. ಮಹಜರಪ್ಪ ಅಭ್ಯಾಸಬಲದಿಂದ ಕಂಡದ್ದನ್ನೆಲ್ಲ ಬರೆದುಕೊಂಡು ಓದಿ ಹೇಳಿದ. "ಹಿಂದಿನ ಕೋಣೆಯ ಬಾಗಿಲಿಗೆ ಒಳಮಗ್ಗುಲಲ್ಲಿ ಚಿಲಕ ಇರುವುದಿಲ್ಲ. ಚಿಲಕ ಇದ್ದ ಜಾಗದಲ್ಲಿ ಸ್ಕ್ರೂವಿನ ನಾಲ್ಕು ತೂತುಗಳಿರುತ್ತವೆ."

"ಊರಿಗೆಲ್ಲ ಬಾಗಿಲು ಮಾಡೋನ ಮನೇಲಿ ಚಿಲಕಕ್ಕೆ ಬರ," ಅಂದಳು ಇನ್‌ಸ್ಪೆಕ್ಟರ್. ತಾಯಿ ನೆಲ ನೋಡಿದಳು.

ಉಳಿದಿದ್ದದ್ದು ಆ ಬದಲಿ ಮೂಳೆ ಒಂದೇ. ಅಗಲವಾದ, ತೆಳುವಾದ, ಮೂರು ಮೂಲೆಯ ಮೂಳೆ. ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಅದನ್ನು ಐಸ್ ಡಬ್ಬಿಯಲ್ಲಿಟ್ಟುಕೊಂಡು ಪ್ರಾಣಿಗಳ ಆಸ್ಪತ್ರೆಗೆ ಹೋದರು. ಹೊರಗಿನ ಬೆಂಚುಗಳಲ್ಲಿ ನಾಯಿ, ಬೆಕ್ಕು, ಮೊಲಗಳನ್ನು ಮಡಿಲಲ್ಲಿಟ್ಟುಕೊಂಡ ಜನ. ನಾಯಿಯೆಂದರೆ ಮಾರು ದೂರ ಹಾರುವ ಮಹಜರಪ್ಪ ಗೋಡೆಗೆ ಅಂಟಿಕೊಂಡೇ ನಡೆದ.

ಪ್ರಾಣಿ ವೈದ್ಯರು ಕನ್ನಡಕ ಮೇಲೇರಿಸಿ ಮೂಳೆಯನ್ನು ತಿರುಗಿಸಿ ನೋಡಿದರು. "ದೊಡ್ಡ ನಾಯಿಯ ಹೆಗಲ ಮೂಳೆ. ಸತ್ತ ನಾಯಿದಲ್ಲ, ಆಪರೇಷನ್ ಮಾಡಿ ತೆಗೆದದ್ದು. ಮೂಳೆಗೆ ಗಡ್ಡೆ ಬಂದರೆ ಕಾಲನ್ನು ಹೆಗಲಿನ ಸಮೇತ ತೆಗೀತೀವಿ." ಆಮೇಲೆ ಅವರ ದನಿ ಇಳಿಯಿತು. "ಇದು ನಾನೇ ತೆಗೆದದ್ದು. ಅಂಚಿನಲ್ಲಿ ಗರಗಸ ಜಾರಿದ ಗುರುತಿದೆ ನೋಡಿ. ಇದು ನಮ್ಮ ಫ್ರೀಜರಿನಲ್ಲಿ ಇರಬೇಕಿತ್ತು."

ಆಗಲೇ ಸಹಾಯಕಿಯೊಬ್ಬಳು ಎರಡೂ ಕೈಯಲ್ಲಿ ಔಷಧದ ತಟ್ಟೆ ಹಿಡಿದು ಒಳಗೆ ಬಂದಳು. ಬಂದವಳು ತಿರುಗಿಯೂ ನೋಡದೆ ಹಿಮ್ಮಡಿಯಿಂದ ಬಾಗಿಲು ಮುಚ್ಚಿದಳು.

ಇನ್‌ಸ್ಪೆಕ್ಟರ್ ಕುರ್ಚಿಯಿಂದ ಎದ್ದೇಬಿಟ್ಟಳು. "ಅದು ಯಾಕೆ ಹಾಗೆ ಮುಚ್ಚಿದಿರಿ?"

ಹುಡುಗಿ ಕಕ್ಕಾಬಿಕ್ಕಿಯಾದಳು. ಉತ್ತರ ಕೊಟ್ಟದ್ದು ವೈದ್ಯರು. ಇಲ್ಲಿ ಮೊದಲು ಬಾಗಿಲು, ಆಮೇಲೆ ಕೆಲಸ. ಹಿಂದೊಮ್ಮೆ ಅರಿವಳಿಕೆಯ ಮಂಪರು ಇಳಿಯದ ನಾಯಿಯೊಂದು ತೆರೆದ ಬಾಗಿಲಿಂದ ಓಡಿ ಲಾರಿಗೆ ಸಿಕ್ಕಿತ್ತಂತೆ. ಅಂದಿನಿಂದ ಎಲ್ಲರ ಹಿಮ್ಮಡಿಗೂ ಅದೇ ಪಾಠ, ಮನೆಗೆ ಹೋದರೂ ಹಾಗೇ ಮುಚ್ಚುತ್ತೇವೆ ಎಂದು ನಕ್ಕರು.

"ನಿಮ್ಮಲ್ಲಿ ಯಾರ ಮನೆಯವರಾದ್ರೂ ದೊಡ್ಡಾಸ್ಪತ್ರೇಲಿ ಇದ್ದಾರಾ?"

"ನಮ್ಮ ಆಯಾ ಗಂಡ. ಪಾಪ, ತಲೆ ಆಪರೇಷನ್..." ವೈದ್ಯರ ನಗು ಅಲ್ಲಿಗೇ ಆರಿತು.

"ಅವಳು ಈಗ ಎಲ್ಲಿ?"

"ಹಿಂದುಗಡೆ. ಇವತ್ತು ಹಳೇ ಮೂಳೆ, ಗಡ್ಡೆ ಎಲ್ಲ ಸುಡೋಕೆ ಕಳಿಸೋ ದಿನ. ಫ್ರೀಜರ್ ಖಾಲಿ ಮಾಡ್ತಿದ್ದಾಳೆ. ವ್ಯಾನ್ ಬಂದಿರಬೇಕು."

ಇನ್‌ಸ್ಪೆಕ್ಟರ್ ಓಡಿದಳು. ಉದ್ದನೆಯ ಓಣಿ, ಎರಡೂ ಕಡೆ ಗೂಡುಗಳು. ನಾಯಿಗಳು ಒಟ್ಟಿಗೇ ಬೊಗಳಲು ಶುರುಮಾಡಿದವು. ಹಿಂದಿನಿಂದ ಮಹಜರಪ್ಪ ಜೀವ ಕೈಯಲ್ಲಿ ಹಿಡಿದು ಬರುತ್ತಿದ್ದ. ತುದಿಯ ಕೋಣೆಯಲ್ಲಿ ಫ್ರೀಜರ್ ಬಾಯಿ ತೆರೆದುಕೊಂಡಿತ್ತು. ಒಳಗೆ ಏನೂ ಇರಲಿಲ್ಲ. ಹಿತ್ತಲಿನಲ್ಲಿ ವ್ಯಾನಿನ ಎಂಜಿನ್ ಗುರುಗುಟ್ಟುತ್ತಿತ್ತು, ಹಳದಿ ಚೀಲಗಳನ್ನು ಆಗಲೇ ಒಳಕ್ಕೆ ಎಸೆದಾಗಿತ್ತು.

"ಗಾಡಿ ನಿಲ್ಲಿಸಿ!"

ಚಾಲಕ ಎಂಜಿನ್ ಆರಿಸಿದ. ಮಹಜರಪ್ಪ ಚೀಲಗಳ ಮೇಲೆ ಬಿದ್ದ. ಆಗ ಇನ್‌ಸ್ಪೆಕ್ಟರ್‌ಗೆ ಗೋಡೆಯ ನೆರಳಿನಲ್ಲಿ ಕೂತಿದ್ದ ಹೆಂಗಸು ಕಂಡಳು. ಹಸಿರು ಅಂಗಿ, ಮಡಿಲಲ್ಲಿ ಐಸ್ ಪೆಟ್ಟಿಗೆ, ಅದರ ಮುಚ್ಚಳದ ಮೇಲೆ ಎರಡೂ ಕೈ.

"ಅಲ್ಲಿ ಹುಡುಕಬೇಡಿ ಮೇಡಂ," ಅಂದಳು. "ಇಲ್ಲಿದೆ."

ಮುಚ್ಚಳ ತೆಗೆದರೆ ಐಸಿನ ರಾಶಿ, ಅದರ ನಡುವೆ ದೊಡ್ಡಾಸ್ಪತ್ರೆಯ ಸೀಲ್ ಇದ್ದ ಚೀಲ. ಒಳಗಿನ ಎರಡು ಪದರ ಒಡೆದಿರಲಿಲ್ಲ. ಮುಟ್ಟಿದರೆ ಕಲ್ಲಿನ ಹಾಗೆ ಗಟ್ಟಿಯಿತ್ತು. ಇನ್‌ಸ್ಪೆಕ್ಟರ್ ಆಗ ಉಸಿರು ಬಿಟ್ಟಳು. ಅಲ್ಲೇ ಜಪ್ತಿ ಪಂಚನಾಮೆ ಬರೆದು, ವೈದ್ಯರ ಮತ್ತು ವ್ಯಾನ್ ಚಾಲಕನ ಸಹಿ ಹಾಕಿಸಿ, ಒಂಬತ್ತೂ ಐವತ್ತಕ್ಕೆ ಐಸ್ ಪೆಟ್ಟಿಗೆಯನ್ನು ಜೀಪಿನಲ್ಲಿ ದೊಡ್ಡಾಸ್ಪತ್ರೆಗೆ ಕಳಿಸಿದರು. ಹೋಗುವಾಗ ಮಹಜರಪ್ಪ ಅದನ್ನು ಎದೆಗವಚಿಕೊಂಡು ಕೂತಿದ್ದ.

ಇನ್ನೊಂದು ಜೀಪಿನಲ್ಲಿ ಮಹಿಳಾ ಕಾನ್‌ಸ್ಟೆಬಲ್ ಬರುವ ತನಕ ಇನ್‌ಸ್ಪೆಕ್ಟರ್ ಆ ಗೋಡೆಯ ಪಕ್ಕದಲ್ಲೇ ಕೂತಳು.

"ಗಂಡನ ಜೀವಕ್ಕೇ ಅಪಾಯ ಅಂತ ಗೊತ್ತಿತ್ತಾ?"

"ಫಿಟ್ಸ್ ಬಂದ ಮೇಲೆ ಗೊತ್ತಾಯ್ತು. ಅಷ್ಟೊತ್ತಿಗೆ ತಂದಾಗಿತ್ತು."

"ಯಾಕೆ ತಂದೆ?"

ಅವಳು ಬಲಗೈ ತೋಳು ಮೇಲೇರಿಸಿ ತೋರಿಸಿದಳು. ಮುಂಗೈಯ ಮೇಲೆ ಹಲ್ಲಿನ ಹಳೆಯ ಗುರುತಿತ್ತು. ಇಲ್ಲಿ ಸಾಹೇಬ ಎಂಬ ನಾಯಿಯಿತ್ತು, ಹತ್ತಿರ ಹೋದವರನ್ನೆಲ್ಲ ಕಚ್ಚುತ್ತಿತ್ತು ಎಂದು ಹೇಳತೊಡಗಿದಳು. ಅದರ ತೊಡೆಮೂಳೆಯ ಗುಂಡು ಸೊಂಟದಲ್ಲಿ ಉಜ್ಜಿ ಉಜ್ಜಿ ಸವೆದುಹೋಗಿತ್ತು. ವೈದ್ಯರು ಆ ಗುಂಡನ್ನು ಕೊಯ್ದು ತೆಗೆದರು, ಬದಲಿಗೆ ಏನೂ ಇಡಲಿಲ್ಲ. ತಿಂಗಳೊಳಗೆ ಅದು ಮಾಂಸದ ಬಲದ ಮೇಲೆಯೇ ನಡೆಯಿತು. "ಕಚ್ಚಿದ್ದ ಅದೇ ಕೈಯಿಂದ ಊಟ ತಿಂತು ಮೇಡಂ. ಇಲ್ಲಿ ಇಂಥವು ಎಷ್ಟೋ ನೋಡಿದೀನಿ. ಮೂಳೆ ತೆಗೀತಾರೆ, ಕಚ್ಚೋದು ನಿಲ್ಲುತ್ತೆ. ಯಾವ ನಾಯಿಗೂ ಮೂಳೆ ವಾಪಸ್ ಇಟ್ಟಿದ್ದನ್ನ ನಾನು ಕಂಡಿಲ್ಲ."

ತೋಳು ಇಳಿಸುವಾಗ ಮೊಣಕೈಯ ಹತ್ತಿರ ಇನ್ನೊಂದು ಗುರುತು ಕಂಡಿತು. ಅದು ಹಲ್ಲಿನದಲ್ಲ.

"ಎಷ್ಟು ವರ್ಷದಿಂದ?"

"ಮದುವೆಯಾದಾಗಿಂದ. ಕೋಣೆಗೆ ಹೋಗಿ ಚಿಲಕ ಹಾಕ್ಕೊಳ್ತಿದ್ದೆ. ಒಂದು ದಿನ ನಾನು ಕೆಲಸದಿಂದ ಬರೋಷ್ಟರಲ್ಲಿ ಇವರು ಚಿಲಕಾನೇ ಬಿಚ್ಚಿ ಇಟ್ಟಿದ್ರು." ಅವಳು ತನ್ನ ತೋರುಬೆರಳನ್ನು ನೋಡಿಕೊಂಡಳು. "ಈ ಎರಡು ತಿಂಗಳು ನನ್ನ ಬೆರಳು ಬಿಟ್ಟಿಲ್ಲ. ನಾನು ತಿನ್ನದೆ ಇದ್ರೆ ತಟ್ಟೆ ನನ್ನ ಕಡೆಗೇ ತಳ್ತಾರೆ. ಮೂಳೆ ಇಟ್ಟ ಮೇಲೆ ಮಾತು ಬರುತ್ತೆ ಅಂತ ಡಾಕ್ಟ್ರು ಹೇಳಿದಾಗ ಅತ್ತೆ ಕೈಮುಗಿದ್ರು. ನನಗೆ ಕೈಕಾಲು ತಣ್ಣಗಾಯ್ತು. ಬರೋ ಮೊದಲನೇ ಮಾತು ಏನು ಅಂತ ನನಗೆ ಗೊತ್ತಲ್ಲ."

"ಸುಡೋಕೆ ಹಾಕಿಬಿಡಬಹುದಿತ್ತು. ಯಾರಿಗೂ ಸಿಗ್ತಿರಲಿಲ್ಲ."

"ಹಾಕ್ದೆ. ಚೀಲಕ್ಕೆ ಹಾಕ್ದೆ, ತೆಗೆದೆ. ಇನ್ನೊಂದ್ಸಲ ಹಾಕ್ದೆ, ತೆಗೆದೆ." ಅವಳಿಗೆ ಆಗ ಅಳು ಬಂತು. "ಅದು ಅವರದ್ದಲ್ವಾ ಮೇಡಂ."

ಹತ್ತೂವರೆಗೆ ಅವಳನ್ನು ದಸ್ತಗಿರಿ ಮಾಡಲಾಯಿತು. ಗೂಡುಗಳ ಓಣಿಯಲ್ಲಿ ನಡೆಸಿಕೊಂಡು ಹೋಗುವಾಗ ಒಂದು ನಾಯಿಯೂ ಬೊಗಳಲಿಲ್ಲ. ಜೀಪು ಹತ್ತಿದವಳು, ಬೇಡಿ ಹಾಕಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಹಿಮ್ಮಡಿಯಿಂದ ಬಾಗಿಲು ಎಳೆದುಕೊಂಡಳು.

ಬುಧವಾರ ಆಪರೇಷನ್ ನಡೆಯಿತು. ಮೂಳೆ ತನ್ನ ಜಾಗದಲ್ಲಿ ಸರಿಯಾಗಿ ಕೂತಿತು, ಫಿಟ್ಸ್ ನಿಂತಿತು. ಇನ್ನು ಇವನು ಮೊದಲಿನಂತೆಯೇ ಆಗುತ್ತಾನೆಯೇ ಎಂದು ಇನ್‌ಸ್ಪೆಕ್ಟರ್ ಸರ್ಜನ್‌ನನ್ನು ಕೇಳಿದಳು. ಅವನು ಅಪರೂಪಕ್ಕೆ ನಿಂತು ಉತ್ತರ ಕೊಟ್ಟ. "ಸ್ವಭಾವ ಮೂಳೇಲಿ ಇರಲ್ಲ ಮೇಡಂ. ಮೆದುಳಿಗೆ ಪೆಟ್ಟಾಗಿದೆ, ವಾಸಿಯಾಗ್ತಿದೆ. ಎಷ್ಟು ವಾಪಸ್ ಬರುತ್ತೆ, ಯಾವುದು ವಾಪಸ್ ಬರುತ್ತೆ ಅನ್ನೋದು ನನಗೂ ಗೊತ್ತಿಲ್ಲ."

ಎರಡು ವಾರದ ಮೇಲೆ ಬಡಗಿಯ ಹೇಳಿಕೆ ಪಡೆಯಲು ಹೋದರು. ಮಾತು ತೊದಲಾಗಿ ಬರಲು ಶುರುವಾಗಿದೆ ಎಂದು ಸಿಸ್ಟರ್ ಫೋನ್ ಮಾಡಿದ್ದಳು. ಹೆಂಡತಿಯ ಜಾಮೀನು ಅರ್ಜಿ ಮಾರನೇ ದಿನ ಕೋರ್ಟಿನ ಮುಂದೆ ಬರುವುದಿತ್ತು. ಬಡಗಿಯ ತಲೆ ಗುಂಡಗಾಗಿತ್ತು, ಎಡಗಡೆ ಹೊಲಿಗೆಯ ಸಾಲು. ಅವನ ನೋಟದಲ್ಲಿ ಮಗುವಿನ ನಗು ಇರಲಿಲ್ಲ. ಅಲ್ಲಿ ಒಬ್ಬ ದೊಡ್ಡ ಮನುಷ್ಯ ಕೂತಿದ್ದ.

"ನಿಮ್ಮ ಮೂಳೆ ಯಾರು ತಗೊಂಡಿದ್ರು, ಯಾಕೆ ತಗೊಂಡಿದ್ರು ಅಂತ ಗೊತ್ತಾ?"

ಅವನು ಹೌದೆಂದು ತಲೆಯಾಡಿಸಿದ. ತಾಯಿ ಎಲ್ಲವನ್ನೂ ಹೇಳಿದ್ದಳು.

"ನಾಳೆ ಅವಳು ಮನೆಗೆ ಬರಬಹುದು. ನಿಮ್ಮದೇನಾದ್ರೂ ತಕರಾರಿದೆಯಾ?"

ಬಡಗಿಯ ಮುಖ ಕೆಂಪಾಯಿತು. ತುಟಿ ಅಲುಗಿತು, ಮಾತು ಹೊರಡಲಿಲ್ಲ. ಮುಷ್ಟಿ ಕಟ್ಟಿ ತನ್ನ ತೊಡೆಗೇ ಗುದ್ದಿಕೊಂಡ. ಮಹಜರಪ್ಪ ಅರಿವಿಲ್ಲದೆ ಒಂದು ಹೆಜ್ಜೆ ಮುಂದೆ ಬಂದ. ಆಮೇಲೆ ಮುಷ್ಟಿ ಬಿಚ್ಚಿತು, ಹೆಬ್ಬೆರಳು ತೋರುಬೆರಳು ಸೇರಿ ಗಾಳಿಯಲ್ಲಿ ಏನನ್ನೋ ತಿರುಗಿಸತೊಡಗಿದವು.

"ಚಿ... ಚಿಲಕ."

"ಏನು?"

"ಕೋಣೆಗೆ. ಚಿಲಕ... ಹಾಕಿಸಿ. ಅವಳು ಬರೋಕೆ... ಮುಂಚೆ." ಬೆವರು ಒರೆಸಿಕೊಂಡ. "ಪೆಟ್ಟಿಗೇಲಿದೆ."

ಮಹಜರಪ್ಪ ಪೆನ್ನು ಹಿಡಿದು ಇನ್‌ಸ್ಪೆಕ್ಟರ್ ಮುಖ ನೋಡಿದ. "ಇದನ್ನೂ ಬರೀಲಾ ಮೇಡಂ?"

"ಬರಿ. ಅವನು ಹೇಳಿದ ಹಾಗೇ ಬರಿ."

ಆ ಸಂಜೆ ಇಬ್ಬರೂ ಬಡಗಿಯ ಮನೆಗೆ ಹೋದರು. ಹತಾರದ ಪೆಟ್ಟಿಗೆಯ ತಳದಲ್ಲಿ, ಬಟ್ಟೆಯಲ್ಲಿ ಸುತ್ತಿ ಇಟ್ಟ ಚಿಲಕ ಸಿಕ್ಕಿತು. ನಾಲ್ಕು ಸ್ಕ್ರೂಗಳೂ ಅದರ ಜೊತೆಗೇ ಇದ್ದವು, ತುಕ್ಕು ಹಿಡಿಯದಂತೆ ಎಣ್ಣೆ ಸವರಿತ್ತು. ಮಹಜರಪ್ಪ ಮಂಡಿಯೂರಿ ಕೂತು ಹಳೆಯ ತೂತುಗಳಿಗೇ ಅವನ್ನು ಒಂದೊಂದಾಗಿ ಬಿಗಿದ. ಇನ್‌ಸ್ಪೆಕ್ಟರ್ ಕೋಣೆಯೊಳಗೆ ಹೋಗಿ, ಬಾಗಿಲು ಮುಚ್ಚಿ, ಚಿಲಕ ಹಾಕಿಕೊಂಡು, ಹೊರಗಿನಿಂದ ಬಲವಾಗಿ ತಳ್ಳು ಎಂದಳು. ಅವನು ಭುಜ ಕೊಟ್ಟು ತಳ್ಳಿದ. ಬಾಗಿಲು ಅಲುಗಲಿಲ್ಲ.